ಕೇರಿಯ ಹೆಸರು ನೋಡಿ ಸಾಲ ನಿರಾಕರಿಸಬಹುದೇ?

ಪ್ರಶ್ನೆ: ಮಾನ್ಯರೇ, ಶಿರಸಿಯಲ್ಲಿ ಹೆಚ್ಚಾಗಿ ಮುಸ್ಲಿಂ ಕೂಲಿಕಾರರೇ ಇರುವ ಕೇರಿಯೊಂದರಲ್ಲಿ ಬಾಡಿಗೆ ಮನೆ ಹಿಡಿದು ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ಓವರ್‌ಲಾಕ್ ಯಂತ್ರಕ್ಕೂ ಬಟ್ಟೆಯ ದಾಸ್ತಾನಿಗೂ ಒಂದೂವರೆ ಲಕ್ಷ ರೂಪಾಯಿ ಮುದ್ರಾ ಸಾಲ ಕೇಳಿದಾಗ, ಬ್ಯಾಂಕಿನವರು ವಿಳಾಸ ನೋಡಿ ‘ಆ ಏರಿಯಾದಲ್ಲಿ ವಸೂಲಿ ಆಗುವುದಿಲ್ಲ, ಬೇಕಿದ್ದರೆ ಆಸ್ತಿ ಅಡವಿಡಿ’ ಎಂದರು, ಅರ್ಜಿಯನ್ನೂ ತೆಗೆದುಕೊಳ್ಳಲಿಲ್ಲ. ಮೈಕ್ರೋಫೈನಾನ್ಸಿನವರು ಮನೆಗೇ ಬಂದು ಕೊಡುತ್ತೇವೆ ಎನ್ನುತ್ತಾರೆ. ಏನು ಮಾಡಲಿ?
– ಓದುಗ ಸಹೋದರಿ, ಶಿರಸಿ

ಉತ್ತರ: ನೀವು ಮೊದಲು ಮಾಡಬೇಕಾದದ್ದು ಅರ್ಜಿಯನ್ನು ಬರಹದಲ್ಲಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಬಾಯಿಮಾತಿನಲ್ಲಿ ‘ಇಲ್ಲ’ ಎಂದದ್ದಕ್ಕೆ ದಾಖಲೆಯೇ ಇರುವುದಿಲ್ಲ; ದಾಖಲೆಯಿಲ್ಲದ ನಿರಾಕರಣೆಯನ್ನು ಯಾರ ಮುಂದೆಯೂ ಪ್ರಶ್ನಿಸಲಾಗದು. ಶಾಖೆಯಲ್ಲಿ ತೆಗೆದುಕೊಳ್ಳದಿದ್ದರೆ ಸರ್ಕಾರಿ ಯೋಜನೆಗಳ ಸಾಲಕ್ಕೆ ಆನ್‌ಲೈನ್ ಅರ್ಜಿ ಹಾಕುವ ಜನ್ ಸಮರ್ಥ್ ಪೋರ್ಟಲ್ ಮೂಲಕ ಹಾಕಿ.

ರಿಸರ್ವ್ ಬ್ಯಾಂಕಿನ ನ್ಯಾಯೋಚಿತ ನಡವಳಿಕೆಯ ಸಂಹಿತೆಯಂತೆ ಸಾಲ ನೀಡುವಾಗ ಲಿಂಗ, ಜಾತಿ, ಧರ್ಮಗಳ ಆಧಾರದ ಮೇಲೆ ಭೇದ ಮಾಡುವಂತಿಲ್ಲ, ಮತ್ತು ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ನೀವು ಕೇಳಿದ ಮೊತ್ತ ಮುದ್ರಾ ಯೋಜನೆಯ ‘ಕಿಶೋರ್’ ವರ್ಗಕ್ಕೆ, ಅಂದರೆ 50,000ದಿಂದ 5 ಲಕ್ಷ ರೂಪಾಯಿಯ ಮಿತಿಗೆ ಸೇರುತ್ತದೆ; ಇದಕ್ಕೆ ಆಸ್ತಿ ಅಡವು ಕೇಳುವಂತೆಯೇ ಇಲ್ಲ. ಅಷ್ಟೇ ಅಲ್ಲ, ಬ್ಯಾಂಕುಗಳು ತಮ್ಮ ಸಾಲದಲ್ಲಿ ದುರ್ಬಲ ವರ್ಗಗಳಿಗೆ ನೀಡಬೇಕಾದ ಶೇ. 12ರ ಪಾಲಿನ ಗುರಿಯಲ್ಲಿ ಅಧಿಸೂಚಿತ ಅಲ್ಪಸಂಖ್ಯಾತರೂ ಸೇರಿದ್ದಾರೆ.

ಇದು ನಿಮ್ಮೊಬ್ಬರ ಅನುಭವವಲ್ಲ. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು ‘ನೆಗೆಟಿವ್ ವಲಯ’ವೆಂದು ಗುರುತಿಸಿ ಸಾಲ ನೀಡಲು ಹಿಂಜರಿಯುತ್ತವೆ ಎಂಬುದನ್ನು ಮುಸ್ಲಿಮರ ಸ್ಥಿತಿಗತಿ ಕುರಿತ 2006ರ ಸಾಚಾರ್ ಸಮಿತಿ ವರದಿಯೇ ದಾಖಲಿಸಿದೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ಕಪ್ಪು ಜನರ ಬಡಾವಣೆಗಳನ್ನು ಸಾಲಕ್ಕೆ ಅಪಾಯಕಾರಿಯೆಂದು ನಕ್ಷೆಯಲ್ಲಿ ಕೆಂಪಾಗಿ ಗುರುತಿಸಿತ್ತು; ಠೇವಣಿ ಸಂಗ್ರಹಿಸುವ ಪ್ರದೇಶದ ಬಡವರ ಸಾಲದ ಅಗತ್ಯವನ್ನೂ ಬ್ಯಾಂಕುಗಳು ಪೂರೈಸಬೇಕೆಂಬ ಕಾನೂನು ಅಲ್ಲಿ ಬಂದದ್ದು 1977ರಲ್ಲಿ. ನಿಮ್ಮ ಕೇರಿಯವರ ಉಳಿತಾಯ ಖಾತೆಯ ಹಣವನ್ನು ಪಡೆಯುವ ಶಾಖೆ ಅದೇ ಕೇರಿಗೆ ಸಾಲವಿಲ್ಲವೆನ್ನುವುದು ಅನ್ಯಾಯವೆಂದೇ ನನ್ನ ಸ್ಪಷ್ಟ ಅಭಿಪ್ರಾಯ.

ಆದರೆ ನಿಮ್ಮ ಮರುಪಾವತಿಯ ಶಕ್ತಿಯನ್ನು ಪರಿಶೀಲಿಸುವ ಹಕ್ಕು ಬ್ಯಾಂಕಿಗೆ ಇದ್ದೇ ಇದೆ, ಆದ್ದರಿಂದ ಅದಕ್ಕೆ ಸಿದ್ಧರಾಗಿ ಹೋಗಿ. ಸಣ್ಣ ಉದ್ಯಮಗಳಿಗೆ ಉಚಿತವಾಗಿ ಸಿಗುವ ಸರ್ಕಾರದ ಉದ್ಯಮ್ ನೋಂದಣಿ, ಯಂತ್ರದ ಕೊಟೇಶನ್, ಫೋನಿನಲ್ಲಿ ಬಂದ ಹಣ ಕಾಣುವ ಖಾತೆಯ ವಿವರ, ಗಿರಾಕಿಗಳ ಲೆಕ್ಕದ ಪುಸ್ತಕ, ಇವಿಷ್ಟು ಜೊತೆಗಿರಲಿ. ರಂಜಾನ್, ಜೂನಿನ ಶಾಲಾ ಸಮವಸ್ತ್ರ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಇವುಗಳಲ್ಲಿ ಎಷ್ಟು ದುಡಿಮೆಯಾಗುತ್ತದೆ, ಜಡಿಮಳೆಯ ತಿಂಗಳುಗಳಲ್ಲಿ ಎಷ್ಟು ತಗ್ಗುತ್ತದೆ ಎಂಬುದನ್ನು ಬಿಡಿಸಿ ಬರೆದು, ಅದಕ್ಕೆ ಹೊಂದುವ ಕಂತು ಕೇಳಿ. ನಿಮ್ಮ ಸಾಲ, ಮರುಪಾವತಿಗಳ ದಾಖಲೆಯಾದ ಕ್ರೆಡಿಟ್ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಹಳೆಯ ಸಂಘದ ಸಾಲ ತೀರಿದ್ದರೂ ಬಾಕಿಯೆಂದು ಉಳಿದಿದ್ದರೆ ಮೊದಲು ಸರಿಪಡಿಸಿಕೊಳ್ಳಿ.

25 ಲಕ್ಷ ರೂಪಾಯಿವರೆಗಿನ ಇಂಥ ಅರ್ಜಿಗಳ ತೀರ್ಮಾನವನ್ನು 14 ಕೆಲಸದ ದಿನಗಳೊಳಗೆ ತಿಳಿಸಬೇಕು. ಆಗಲೂ ಉತ್ತರ ಬರದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ಅದರ ಪ್ರತಿಯನ್ನು ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಸಮನ್ವಯಗೊಳಿಸುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೂ ಕಳುಹಿಸಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ಸ್ವಯಂ ಉದ್ಯೋಗದ ಸಾಲ, ಸಹಾಯಧನಗಳಿಗೆ ಅರ್ಜಿ ಯಾವಾಗ ಕರೆಯುತ್ತಾರೆಂದೂ ವಿಚಾರಿಸಿ.

ಇನ್ನು ಮೈಕ್ರೋಫೈನಾನ್ಸ್ ವಿಚಾರ. ಅವರ ಬಡ್ಡಿ ಸಾಮಾನ್ಯವಾಗಿ ಶೇ. 20ಕ್ಕೂ ಮೇಲಿರುತ್ತದೆ, ವಾರದ ಕಂತು ಮಳೆಗಾಲವೆಂದು ಕಾಯುವುದಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬ್ಯಾಂಕಿನ ಲಿಖಿತ ಉತ್ತರ ಕೈಗೆ ಬರುವವರೆಗೆ ಆ ಸಾಲಕ್ಕೆ ಸಹಿ ಹಾಕಬೇಡಿ.