ಶಾಖಾ ಗ್ರಂಥಾಲಯದ ವಾಟ್ಸ್‌ಆ್ಯಪ್: ಎಲ್ಲಿಂದ ಶುರು ಮಾಡುವುದು?

ನಿಮ್ಮ ಬಡಾವಣೆಯ ಶಾಖಾ ಗ್ರಂಥಾಲಯದವರು ಸಾಮಾಜಿಕ ಜಾಲತಾಣದ ಕೆಲಸಕ್ಕೆ ಓದುಗರ ನೆರವು ಕೇಳಿದ್ದಾರೆ, ಇನ್‌ಸ್ಟಾಗ್ರಾಮ್ ಖಾತೆ ತೆರೆಯೋಣವೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. 2018ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಇನ್‌ಸ್ಟಾಗ್ರಾಮ್ ಸ್ಟೋರಿಗಳಲ್ಲಿ ಇಡೀ ಕಾದಂಬರಿಗಳನ್ನೇ ಓದಲು ಕೊಟ್ಟಿತು. ಸೊಗಸಾದ ಕೆಲಸ, ಆದರೆ ಅದಕ್ಕೆ ವಿನ್ಯಾಸಕಾರರ ತಂಡವೇ ಬೇಕು. ನಮ್ಮ ಶಾಖೆಗಳಲ್ಲಿ ಪುಸ್ತಕ ಕೊಡುವವರೂ ಪತ್ರಿಕೆ ಜೋಡಿಸುವವರೂ ಹೆಚ್ಚಾಗಿ ಒಬ್ಬರೇ.

ವಾಟ್ಸ್‌ಆ್ಯಪ್‌ನಿಂದ ಶುರು ಮಾಡಿ, ಆದರೆ ಗುಂಪು ಕಟ್ಟಬೇಡಿ. ಗುಂಪಿನಲ್ಲಿ ಎಲ್ಲರ ಮೊಬೈಲ್ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ಶುಭೋದಯದ ಚಿತ್ರಗಳ ನಡುವೆ ಗ್ರಂಥಾಲಯದ ಮಾತು ಮುಳುಗಿಹೋಗುತ್ತದೆ. ಬದಲಿಗೆ ವಾಟ್ಸ್‌ಆ್ಯಪ್‌ನಲ್ಲೇ ಚಾನೆಲ್ ತೆರೆಯಿರಿ. ಅದರಲ್ಲಿ ಗ್ರಂಥಾಲಯದವರು ಮಾತ್ರ ಬರೆಯುತ್ತಾರೆ, ಓದುಗರಲ್ಲಿ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಪ್ರಶ್ನೆ ಕೇಳಲು ಪ್ರತ್ಯೇಕ ಸಂಖ್ಯೆ ಇರಲಿ, ಅದು ಗ್ರಂಥಾಲಯದ ಹೆಸರಿನಲ್ಲೇ ಇರಲಿ. ಸಿಬ್ಬಂದಿಯ ಸ್ವಂತ ಸಂಖ್ಯೆಯಾದರೆ ವರ್ಗಾವಣೆಯಾದ ದಿನವೇ ಎಲ್ಲವೂ ಕೈತಪ್ಪುತ್ತದೆ.

ಏನು ಹಾಕಬೇಕು? ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲೇ ತೀರಿಕೊಂಡ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಗ್ರಂಥಾಲಯಗಳಿಗೆ ಐದು ಸೂತ್ರಗಳನ್ನು ಕೊಟ್ಟರು. ನಾಲ್ಕನೆಯದು, ಓದುಗರ ಸಮಯ ಉಳಿಸಿ. ನನಗೆ ಬೇರೆ ಅಳತೆಗೋಲು ಬೇಕೆನಿಸಿಲ್ಲ. ಹಬ್ಬದ ಶುಭಾಶಯ, ಗಣ್ಯರ ಸನ್ಮಾನದ ಫೋಟೊಗಳಿಂದ ಯಾರ ಸಮಯವೂ ಉಳಿಯುವುದಿಲ್ಲ. "ಇಂದು ವಾಚನಾಲಯ ತೆರೆದಿದೆ" ಎಂಬ ಒಂದು ಸಾಲು ಬೆಳಿಗ್ಗೆ ಬಂದರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಸ್ ಹತ್ತಿ ಬಂದು ಬೀಗ ನೋಡಿ ಮರಳುವುದು ತಪ್ಪುತ್ತದೆ.

ಹೊಸ ಪುಸ್ತಕ ಬಂದಾಗ ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಎಂಟು ಹತ್ತನ್ನು ಜೋಡಿಸಿ, ಬೆನ್ನಿನ ಮೇಲಿನ ಹೆಸರು ಓದುವಂತೆ ಫೋಟೊ ತೆಗೆಯಿರಿ. ಕೆಳಗೆ ಪುಸ್ತಕ, ಲೇಖಕರು ಮತ್ತು ಯಾವ ಕಪಾಟು ಎಂಬುದನ್ನು ಎಲ್ಲ ಫೋನ್‌ಗಳಲ್ಲೂ ಓದಲು ಬರುವ ಯೂನಿಕೋಡ್ ಕನ್ನಡದಲ್ಲಿ ಬೆರಳಚ್ಚಿಸಿ. ಇದನ್ನು ದಯವಿಟ್ಟು ಬಿಡಬೇಡಿ. ಚಿತ್ರದೊಳಗೆ ಕೂತ ಅಕ್ಷರ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶ ಬಳಸುವ ದೃಷ್ಟಿಹೀನರಿಗೆ ನೀವು ಬರೆದ ಸಾಲುಗಳೇ ಆಧಾರ. ಆದರೆ ಪುಸ್ತಕದ ಒಳಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಬೇಡಿ, ಹಕ್ಕುಸ್ವಾಮ್ಯದ ತೊಡಕು ಬರುತ್ತದೆ.

ಪುಸ್ತಕ ಮರಳಿಸದವರ ಹೆಸರು ಬಹಿರಂಗವಾಗಿ ಬರಬಾರದು, ಅವರಿಗಷ್ಟೇ ಸಂದೇಶ ಹೋಗಲಿ. ಮಕ್ಕಳ ಫೋಟೊಗೆ ಪೋಷಕರ ಒಪ್ಪಿಗೆ ಬೇಕು. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದ ಇದ್ದರೂ ಅನೇಕರಿಗೆ ಗೊತ್ತಿಲ್ಲ. ನೋಂದಣಿ ಹೇಗೆಂದು ಕನ್ನಡದಲ್ಲಿ ತೋರಿಸುವ ಪುಟ್ಟ ವಿಡಿಯೊ ಒಂದನ್ನು ಮಾಡಿ.

ಕೇಳಿದ್ದಕ್ಕೆ ಅದೇ ದಿನ ಉತ್ತರ ಹೋಗಬೇಕು. ಆಸ್ತಿ ತೆರಿಗೆಯ ಜೊತೆ ಶೇ 6ರ ಗ್ರಂಥಾಲಯ ಕರವನ್ನು ಈ ಊರಿನ ಜನರೇ ಕಟ್ಟುತ್ತಿದ್ದಾರೆ, ಉತ್ತರ ಪಡೆಯುವುದು ಅವರ ಹಕ್ಕು. ಒಂದು ವಾರ ಓದುಗರು ಮೇಜಿನ ಬಳಿ ಬಂದು ಏನೇನು ಕೇಳುತ್ತಾರೆಂದು ಗ್ರಂಥಪಾಲಕರು ಬರೆದಿಡಲಿ. ಆ ಪಟ್ಟಿಯನ್ನು ಇಲ್ಲಿ ಹಾಕಿ. ಮೊದಲ ಇಪ್ಪತ್ತು ಉತ್ತರಗಳ ಕರಡನ್ನು ನಾನು ಬರೆದುಕೊಡುತ್ತೇನೆ.