ಪ್ರತಿಕ್ರಿಯೆ: ಕ್ಯಾಂಪಿಗೆ ಮನೆಯಿಂದ ಪಲಾವ್ ಕಟ್ಟಿಕೊಡಲೇ?

ಮಗನ ಪಟ್ರೋಲ್ (ಸ್ಕೌಟ್ ಟ್ರೂಪ್ ಒಳಗಿನ ಮಕ್ಕಳ ಸಣ್ಣ ಗುಂಪು) ಮೊದಲ ಸಲ ತಾನೇ ಅಡುಗೆ ಮಾಡ್ತಿದೆ, ಪಲಾವ್ ಕಟ್ಟಿಕೊಡಲೇ ಅಂತ ಕೇಳಿದ್ದೀರಿ. ಬೇಡ ಮೇಡಂ. ಅಮೆರಿಕದ ಸ್ಕೌಟ್ ಟ್ರೂಪ್‌ನಲ್ಲಿ ಮೆನು, ಖರೀದಿ, ಪಾತ್ರೆ ತೊಳೆಯುವ ಪಾಳಿ ಎಲ್ಲ ಮಕ್ಕಳದೇ ಜವಾಬ್ದಾರಿ.

ಬದಲಿಗೆ ಕ್ಯಾಂಪಿನ ಹಿಂದಿನ ವಾರ ಮನೆಯಲ್ಲೇ ಅವನಿಂದ ಒಮ್ಮೆ ಅನ್ನ ಮಾಡಿಸಿ. ಎಂಟು ಮಕ್ಕಳಿಗೆ 800 ಗ್ರಾಂ ಅಕ್ಕಿ, ಅಳತೆಯಲ್ಲಿ ಅದರ ಎರಡರಷ್ಟು ನೀರು. ಅಷ್ಟನ್ನೂ ಒಂದೇ ದೊಡ್ಡ ಪಾತ್ರೆಗೆ ಸುರಿದರೆ ಪ್ರೊಪೇನ್ ಒಲೆಯ ಉರಿ ನಡುವೆ ಮಾತ್ರ ತಾಗಿ ತಳ ಸೀಯುತ್ತದೆ, ಮೇಲೆ ಹಸಿ ಉಳಿಯುತ್ತದೆ. ಎರಡು ಪಾತ್ರೆ, ಸಣ್ಣ ಉರಿ, ಗಾಳಿಗೆ ಅಡ್ಡ.

ನಿಮ್ಮ ಕೈ ನಿಜವಾಗಿ ಬೇಕಿರುವುದು ಕಾರು ಓಡಿಸಲು, ಟ್ರೂಪ್ ಕಮಿಟಿಯಲ್ಲಿ (ಟ್ರೂಪ್‌ಗೆ ನೆರವಾಗುವ ದೊಡ್ಡವರ ಸಮಿತಿ) ಲೆಕ್ಕ ಬರೆಯಲು. 21 ವರ್ಷ ತುಂಬಿದ ಇಬ್ಬರು ನೋಂದಾಯಿತ ಲೀಡರ್‌ಗಳಿಲ್ಲದೆ ಕ್ಯಾಂಪ್ ಹೊರಡುವಂತಿಲ್ಲ. ಎಷ್ಟೋ ಟ್ರೂಪ್‌ಗಳು ಒದ್ದಾಡುವುದು ಇಲ್ಲೇ. ಕ್ಯಾಂಪಿನಲ್ಲಿ ಮಗ "ಉಪ್ಪೆಷ್ಟು ಅಮ್ಮಾ?" ಅಂದರೆ "ನಿಮ್ಮ ಪಟ್ರೋಲ್ ಲೀಡರ್‌ನ ಕೇಳು" ಅನ್ನಿ; ಆ ಲೀಡರ್ ಕೂಡ ಮಕ್ಕಳಲ್ಲೇ ಒಬ್ಬ.