ಡೈರಿ ಬರೆದದ್ದು, ಕ್ಯಾಮೆರಾ ಕಂಡದ್ದು

ಪ್ರಶ್ನೆ: ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ತಿಳಿಯಲು ನಲವತ್ತು ಜನರಿಂದ ದಿನಚರಿ ಬರೆಸಿದ್ದೇನೆ. ಈಗ ನಮ್ಮ ಗೈಡ್, ‘ಇವರು ಬರೆದದ್ದೆಲ್ಲ ನಿಜ ಅಂತ ಹೇಗೆ ನಂಬೋದು? ಕೆಲವರ ಕೊರಳಿಗೆ ಕ್ಯಾಮೆರಾ ಹಾಕಿಸಿ ನೋಡಿ’ ಅನ್ನುತ್ತಿದ್ದಾರೆ. ಇದು ಆಗುವ ಕೆಲಸವಾ ಸರ್?
– ಒಬ್ಬ ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಆಗುತ್ತೆ, ಆಗಿದೆ ಕೂಡ. ಮೈಕ್ರೋಸಾಫ್ಟ್‌ನ ಕೇಂಬ್ರಿಡ್ಜ್ ಲ್ಯಾಬ್‌ನಲ್ಲಿ ‘ಸೆನ್ಸ್‌ಕ್ಯಾಮ್’ ಅಂತ ಒಂದು ಪುಟ್ಟ ಡಬ್ಬಿ ತಯಾರಾಗಿತ್ತು. ಕೊರಳಿಗೆ ನೇತುಹಾಕಿಕೊಂಡರೆ ಸಾಕು, ಸುಮಾರು 30 ಸೆಕೆಂಡಿಗೊಂದು ಫೋಟೋ ತಾನೇ ತೆಗೆಯುತ್ತಿತ್ತು, ಬಟನ್ ಒತ್ತುವ ತಾಪತ್ರಯವಿಲ್ಲ. ಆಮೇಲೆ ‘ಆಟೋಗ್ರಾಫರ್’ ಅಂತ ಇನ್ನೊಂದು ಬಂತು, ಕೆಲವೇ ವರ್ಷಗಳಲ್ಲಿ ನಿಂತೂ ಹೋಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 2014-15ರ ಹೊತ್ತಿಗೆ ಸುಮಾರು 150 ಜನರಿಗೆ ಒಂದು ದಿನದ ಮಟ್ಟಿಗೆ ಮೂರು ಕೆಲಸ ಕೊಟ್ಟಿದ್ದರು: ಕೊರಳಿಗೆ ಕ್ಯಾಮೆರಾ, ಮಣಿಕಟ್ಟಿಗೆ ಚಲನೆ ಅಳೆಯುವ ಪಟ್ಟಿ, ಕೈಗೆ ಡೈರಿ. ಡೈರಿ ಅಂದರೆ ಯುರೋಪಿನವರು ಬಳಸುವ ಮಾದರಿ. ಬೆಳಗಿನ 4ರಿಂದ ಮರುದಿನ 4ರವರೆಗೆ, 10 ನಿಮಿಷಕ್ಕೊಂದು ಗೆರೆ. ಏನು ಮಾಡಿದಿರಿ, ಜೊತೆಗೆ ಇನ್ನೇನು ಮಾಡುತ್ತಿದ್ದಿರಿ, ಎಲ್ಲಿದ್ದಿರಿ, ಯಾರ ಜೊತೆ.

ಗುಂಪಿನ ಸರಾಸರಿ ತೆಗೆದಾಗ ಡೈರಿಯೂ ಕ್ಯಾಮೆರಾವೂ ಬಹುಮಟ್ಟಿಗೆ ಒಂದೇ ಮಾತು ಹೇಳಿದವು. ಡೈರಿ ಅಂದರೆ ಬರೀ ಬುರುಡೆ ಅನ್ನುವವರು ಇದನ್ನು ಗಮನಿಸಬೇಕು. ಆದರೆ ಒಬ್ಬೊಬ್ಬರನ್ನೇ ಹಿಡಿದು ನೋಡಿದರೆ ಕಥೆ ಬೇರೆ. 2011ರಲ್ಲಿ ಪ್ರಕಟವಾದ ಇನ್ನೊಂದು ಸಣ್ಣ ಅಧ್ಯಯನದಲ್ಲಿ, ಜನ ತಮ್ಮ ಒಂದೊಂದು ಓಡಾಟದ ಸಮಯವನ್ನೂ ಕ್ಯಾಮೆರಾ ತೋರಿಸಿದ್ದಕ್ಕಿಂತ ಸರಾಸರಿ ಎರಡೂವರೆ ನಿಮಿಷ ಜಾಸ್ತಿ ಬರೆದಿದ್ದರು. ಎರಡೂವರೆ ನಿಮಿಷ ಏನು ಮಹಾ, ಅಲ್ವಾ? ಆದರೆ ಬಿಡಿ ಬಿಡಿಯಾಗಿ ನೋಡಿದರೆ ಒಬ್ಬರದ್ದು ಹತ್ತು ನಿಮಿಷ ಕಮ್ಮಿ, ಇನ್ನೊಬ್ಬರದ್ದು ಹದಿನೈದು ನಿಮಿಷ ಜಾಸ್ತಿ. ಒಬ್ಬರ ಕಮ್ಮಿಗೆ ಇನ್ನೊಬ್ಬರ ಜಾಸ್ತಿ ಸೇರಿ ಸರಾಸರಿ ಸರಿಹೋಗುತ್ತದೆ, ಅಷ್ಟೇ. ಹಾಗಾಗಿ ನಿಮ್ಮ ನಲವತ್ತು ಜನರ ಒಟ್ಟು ಲೆಕ್ಕ ಹೇಳಿ, ‘ಇಂಥವರು ಇಂಥ ದಿನ ಇಷ್ಟೇ ನಿಮಿಷ ನಡೆದರು’ ಅಂತ ಮಾತ್ರ ಬರೆಯಬೇಡಿ.

ಇನ್ನು ಮಾಡುವ ಬಗೆ. ಮೊದಲು ಡೈರಿ ಬರೆಸಿ ಕೈಗೆ ತೆಗೆದುಕೊಂಡುಬಿಡಿ, ಆಮೇಲೆ ಫೋಟೋ ತೋರಿಸಿ. ತಿರುವುಮುರುವು ಮಾಡಿದರೆ ಫೋಟೋ ನೋಡಿಯೇ ಡೈರಿ ಬರೆಯುತ್ತಾರೆ, ನೀವು ಫೋಟೋವನ್ನು ಫೋಟೋ ಜೊತೆಗೇ ಹೋಲಿಸಿದ ಹಾಗಾಗುತ್ತದೆ! ಫೋಟೋಗಳನ್ನು ಅವರ ಪಕ್ಕದಲ್ಲೇ ಕೂತು ನೋಡಿ, ‘ಇಲ್ಲಿ ಏನು ಮಾಡ್ತಾ ಇದ್ರಿ?’ ಅಂತ ಕೇಳುತ್ತಾ ಹೋಗಿ. ಮತ್ತೊಂದು ಸಣ್ಣ ಸಂಗತಿ, ಆದರೆ ಇದರಲ್ಲೇ ಎಷ್ಟೋ ಜನ ಎಡವುವುದು: ಕ್ಯಾಮೆರಾದ ಗಡಿಯಾರ ಏಳು ನಿಮಿಷ ಹಿಂದಿದ್ದರೆ ಹತ್ತು ನಿಮಿಷದ ಗೆರೆಗಳೆಲ್ಲ ತಪ್ಪುತ್ತವೆ, ಬೈಗುಳ ಡೈರಿಗೆ ಬೀಳುತ್ತದೆ. ಬೆಳಗ್ಗೆ ಕ್ಯಾಮೆರಾ ಹಾಕಿಕೊಂಡ ತಕ್ಷಣ ಅವರ ಕೈಗಡಿಯಾರದ ಮುಂದೆ ಒಂದು ನಿಮಿಷ ಹಿಡಿಯಲು ಹೇಳಿ. ಯಾವ ಫೋಟೋವನ್ನು ಯಾವ ಕೆಲಸಕ್ಕೆ ಸೇರಿಸಬೇಕು ಅನ್ನೋ ನಿಯಮ ಮೊದಲೇ ಬರೆದಿಟ್ಟುಕೊಳ್ಳಿ, ಮತ್ತು ಇಬ್ಬರು ಬೇರೆಬೇರೆಯಾಗಿ ಗುರುತು ಹಾಕಲಿ.

ನಿಮ್ಮ ಪತ್ರ ಬಂದ ಮೇಲೆ ನಾನೂ ಒಂದು ದಿನ ಹಳೇ ಫೋನನ್ನು ಅಂಗಿ ಜೇಬಿಗೆ ಸಿಕ್ಕಿಸಿಕೊಂಡೆ, ಕ್ಯಾಮೆರಾ ಹೊರಗೆ ಮುಖ ಮಾಡಿ, ಅರ್ಧ ನಿಮಿಷಕ್ಕೊಂದು ಫೋಟೋ. ಡೈರಿಯಲ್ಲಿ ‘7:00ರಿಂದ 8:00, ಓದು’ ಅಂತ ಬರೆದಿದ್ದೆ, ಸ್ವಲ್ಪ ಹೆಮ್ಮೆಯಿಂದಲೇ. ಫೋಟೋದಲ್ಲಿ ಪುಸ್ತಕ ಬೋರಲು ಬಿದ್ದಿದೆ, ಅದರ ಪಕ್ಕ ಕನ್ನಡಕ, ಕೈಯಲ್ಲಿ ಹೊಸ ಫೋನು. ಹೀಗೇ ಸಾಲಾಗಿ 31 ಫೋಟೋ. ಅಂದರೆ ಹದಿನೈದು ನಿಮಿಷಕ್ಕೂ ಮೇಲೆ. ನಾನು ಸುಳ್ಳು ಬರೆದಿರಲಿಲ್ಲ ಮಾರಾಯ್ರೇ, ಆ ಹೊತ್ತು ನನಗೆ ನೆನಪಿದ್ದದ್ದೇ ಓದು.

ಪ್ರಶ್ನೆ: ದಿನಾ ಎರಡು ಗಂಟೆ ಮನೆಕೆಲಸ ಮಾಡ್ತೀನಿ ಅಂತಾರೆ ನಮ್ಮ ಯಜಮಾನರು. ಒಂದು ವಾರ ಕ್ಯಾಮೆರಾ ಹಾಕಿಸಿ ನೋಡಿದರೆ ಸತ್ಯ ಹೊರಬೀಳುತ್ತಾ?
– ಹೆಸರು ಬೇಡ

ಉತ್ತರ: ಅವರು ಒಪ್ಪಿದರೆ ಹಾಕಿಸಿ, ಗುಟ್ಟಾಗಿ ಬೇಡವೇ ಬೇಡ. ಒಪ್ಪಿ ಹಾಕಿಕೊಂಡರೋ, ಆ ವಾರ ಅವರು ನಿಜವಾಗಿಯೂ ಎರಡು ಗಂಟೆ ಕೆಲಸ ಮಾಡುತ್ತಾರೆ ನೋಡಿ! ಕೊರಳಲ್ಲಿ ಕ್ಯಾಮೆರಾ ಇದ್ದಾಗ ಜನ ಸ್ವಲ್ಪ ಬದಲಾಗುವುದು ಇದ್ದದ್ದೇ.

ಅದಕ್ಕಿಂತ ಒಂದು ದಿನ ಇಬ್ಬರೂ ಆಗಿಂದಾಗ್ಗೆ ಡೈರಿ ಬರೆಯಿರಿ. ‘ದಿನಕ್ಕೆ ಎಷ್ಟು ಹೊತ್ತು ಮಾಡ್ತೀರಿ?’ ಅಂತ ಬಾಯಿಮಾತಲ್ಲಿ ಕೇಳಿದರೆ ಯಾರಾದರೂ ಒಂದು ಅಂದಾಜು ಹೇಳುತ್ತಾರೆ, ಅದು ಉಬ್ಬುವುದೇ ಜಾಸ್ತಿ. ಡೈರಿಯಲ್ಲಿ ಹಾಗೆ ಉಬ್ಬಿಸುವುದು ಕಷ್ಟ, ಯಾಕೆಂದರೆ ಒಂದಕ್ಕೆ ಸೇರಿಸಿದ್ದನ್ನು ಇನ್ನೊಂದರಿಂದ ಕಿತ್ತುಕೊಳ್ಳಬೇಕು, ದಿನಕ್ಕೆ ಇರೋದು 24 ಗಂಟೆಯೇ. ಮತ್ತೆ ನಿಮ್ಮ ಕಡೆಯಿಂದಲೂ ಒಂದು ಮಾತು. ಮಗು ಪಕ್ಕದ ಕೋಣೆಯಲ್ಲಿ ಮಲಗಿದೆ, ನೀವು ಬಟ್ಟೆ ಮಡಚುತ್ತಾ ಒಂದು ಕಿವಿ ಅಲ್ಲೇ ಇಟ್ಟಿದ್ದೀರಿ. ಕ್ಯಾಮೆರಾ ಬಟ್ಟೆಯನ್ನಷ್ಟೇ ತೋರಿಸುತ್ತದೆ. ಆ ಕಿವಿಯ ಲೆಕ್ಕ ಬರುವುದು ಡೈರಿಯ ‘ಜೊತೆಗೆ ಇನ್ನೇನು’ ಅನ್ನುವ ಕಾಲಂನಲ್ಲಿ, ಅದನ್ನು ಖಾಲಿ ಬಿಡಬೇಡಿ.

ಪ್ರಶ್ನೆ: ಗೆಳತಿಯೊಬ್ಬಳು ಯಾವುದೋ ಅಧ್ಯಯನಕ್ಕೆ ಅಂತ ಇಂಥ ಕ್ಯಾಮೆರಾ ಹಾಕಿಕೊಂಡೇ ನಮ್ಮ ಮನೆಗೆ ಬಂದಳು. ಸಹಿ ಹಾಕಿದ್ದು ಅವಳು, ಫೋಟೋದಲ್ಲಿ ಇರುವುದು ನಾವು. ಇದು ಸರಿಯಾ?
– ಓದುಗರೊಬ್ಬರು

ಉತ್ತರ: ಒಳಗೆ ಬರುವ ಮುಂಚೆ ಅವಳು ಹೇಳಬೇಕಿತ್ತು. ನೀವು ಬೇಡ ಅಂದರೆ ಅಲ್ಲೇ ತೆಗೆದಿಡಬೇಕಿತ್ತು. 2013ರಲ್ಲಿ ಸಂಶೋಧಕರೇ ಇದಕ್ಕೊಂದು ನೀತಿ ಚೌಕಟ್ಟು ಬರೆದಿದ್ದಾರೆ. ಹಾಕಿಕೊಂಡವರು ಬೇಕೆಂದಾಗ ಕ್ಯಾಮೆರಾ ನಿಲ್ಲಿಸಬಹುದು, ತೆಗೆದಿಡಬಹುದು. ಫೋಟೋಗಳನ್ನು ಮೊದಲು ಒಬ್ಬರೇ ಕೂತು ನೋಡಿ ಬೇಡದ್ದನ್ನು ಅಳಿಸಬಹುದು, ಅದಾದ ಮೇಲಷ್ಟೇ ಸಂಶೋಧಕರು ನೋಡುವುದು. ಬಚ್ಚಲು, ಶೌಚಾಲಯದಲ್ಲಿ ಹಾಕಿಕೊಳ್ಳುವ ಮಾತೇ ಇಲ್ಲ. ಈಗಲೂ ಕಾಲ ಮಿಂಚಿಲ್ಲ, ‘ನಮ್ಮ ಮನೆಯಲ್ಲಿ ತೆಗೆದ ಫೋಟೋ ಅಳಿಸಿಬಿಡು’ ಅಂತ ಗೆಳತಿಗೆ ಹೇಳಿ. ಹಾಗೆ ಅಳಿಸಿದ ಜಾಗ ಅಧ್ಯಯನದಲ್ಲಿ ಖಾಲಿ ಉಳಿಯುತ್ತದೆ, ಉಳಿಯಲಿ ಬಿಡಿ.

ಪ್ರಶ್ನೆ: ಈಗ ಎಐ ಬಂದಿದೆಯಲ್ಲ, ಫೋಟೋಗಳನ್ನು ಅದಕ್ಕೇ ಕೊಟ್ಟರೆ ಆಯ್ತು. ಡೈರಿ ಯಾಕೆ ಬೇಕು?
– ಇನ್ನೊಬ್ಬ ಓದುಗರು

ಉತ್ತರ: ವಿಂಗಡಿಸುವ ಕೆಲಸ ಖಂಡಿತ ಹಗುರವಾಗುತ್ತದೆ. ಅರ್ಧ ನಿಮಿಷಕ್ಕೊಂದರಂತೆ ಎಚ್ಚರವಿರುವ 16 ಗಂಟೆಗೆ 1,920 ಫೋಟೋ, ಕಣ್ಣು ಬಿಟ್ಟು ನೋಡುವವರಿಗೇ ಗೊತ್ತು ಆ ಕಷ್ಟ. ಆದರೆ ಲ್ಯಾಪ್‌ಟಾಪ್ ಮುಂದೆ ಕೂತ ಫೋಟೋ ನೋಡಿ ಅದು ಆಫೀಸು ಕೆಲಸವೋ ಕಾಲಹರಣವೋ ಅಂತ ಯಂತ್ರವೂ ಊಹೆ ಮಾಡಬೇಕಷ್ಟೇ. ನನ್ನ ಆ ದಿನದ ಫೋಟೋಗಳಲ್ಲೇ ಸಂಜೆ 22 ನಿಮಿಷ ಬರೀ ಮೇಜಿನ ಅಂಚು ಕಾಣುತ್ತದೆ, ಅಲುಗಾಟವೇ ಇಲ್ಲ. ಯಾರು ನೋಡಿದರೂ ಸುಮ್ನೆ ಕೂತಿದ್ದಾನೆ ಅಂತಲೇ ಬರೆಯುತ್ತಾರೆ. ಡೈರಿಯಲ್ಲಿ ಆ ಎರಡು ಗೆರೆಗಳ ಎದುರು ಇರುವುದು: ‘ಅಕ್ಕನ ಫೋನು. ಅವಳು ಮಾತಾಡಿದಳು, ನಾನು ಕೇಳಿದೆ.’